ಗೃಹದಲ್ಲಿ ಶಕ್ತಿಯ ಅಪವ್ಯಯವೂ ಅದರ ನಿವಾರಣೆಯೂ

ಮುಖ್ಯೋಪಾಧ್ಯಾಯಿನಿಯವರು ಬರೆದುದು

ಮನೆಯ ಖರ್ಚುವೆಚ್ಚದ ಲೆಕ್ಕವನ್ನು ಬರೆದಿಡುವ ಅಭ್ಯಾಸವನ್ನು ನಮ್ಮ ಶಾಲೆಯಲ್ಲಿ ಗೃಹವಿಜ್ಞಾನದ ಪಾಠದೊಡನೆ ಕಲಿಸುತ್ತೇವೆ. ಅಕ್ಕಿ, ಬೇಳೆ, ಎಣ್ಣೆ, ಹಾಲು ಇವುಗಳ ಲೆಕ್ಕವನ್ನು ನಮ್ಮ ಹುಡುಗಿಯರು ಕಾಸು ತಪ್ಪದಂತೆ ಬರೆಯುವರು. ಪಾತ್ರೆ ಉರುಳಿ ಒಂದು ಲೋಟದಷ್ಟು ಹಾಲು ಚೆಲ್ಲಿಹೋದರೆ ಮನೆಮಂದಿಯೆಲ್ಲರೂ ಅಯ್ಯೋ ಎನ್ನುವರು. ಆದರೆ ಅದೇ ಹಾಲನ್ನು ಕಾಯಿಸುವುದಕ್ಕೆ ಉರಿಸಿದ ಸೌದೆಯ ಶಾಖದಲ್ಲಿ ನೂರಕ್ಕೆ ಎಂಬತ್ತೈದು ತೊಂಬತ್ತು ಪಾಲು ಹಾಲಿಗೆ ತಗಲದೆಯೇ ಹೊರಟುಹೋದರೆ ಯಾರೂ ಮರುಗುವುದಿಲ್ಲ. ಕಾರಣವಿಷ್ಟೆ: ಹಾಲು ಚೆಲ್ಲಿದುದು ಕಣ್ಣಿಗೆ ಕಾಣುವುದು, ಶಾಖವು ಚೆಲ್ಲಿದುದು ಕಾಣುವುದಿಲ್ಲ. ಕಾಣದ ಈ ನಷ್ಟವನ್ನು ಕಾಣುವಂತೆ ಮಾಡಿಕೊಳ್ಳುವುದು ಹೇಗೆ, ಕಂಡ ಮೇಲೆ ತಗ್ಗಿಸುವುದು ಹೇಗೆ ಎಂಬುದೇ ಈ ಪಾಠದ ವಿಷಯ.

ಇದು ಕೇವಲ ಹಣದ ಮಾತೆಂದು ಓದುವವರು ಭಾವಿಸಬಾರದು. ಮನೆಯಲ್ಲಿ ವ್ಯರ್ಥವಾದ ಶಕ್ತಿಗೆ ಯಾರಾದರೊಬ್ಬರು ಬೆಲೆ ಕೊಡಲೇಬೇಕು. ಯಜಮಾನನು ಅದನ್ನು ರೂಪಾಯಿಯಲ್ಲಿ ಕೊಡುವನು. ಒಲೆಯ ಮುಂದೆ ಕುಳಿತ ಗೃಹಿಣಿ ಅದನ್ನು ತನ್ನ ಕಣ್ಣಿನಿಂದಲೂ ಉಸಿರಿನಿಂದಲೂ ಕೊಡುವಳು. ಸೌದೆ ತರುವ, ನೀರು ಕಾಯಿಸುವ ಮಗಳು ತನ್ನ ಓದಿನ ಹೊತ್ತಿನಿಂದ ಕೊಡುವಳು. ಹೀಗಿರುವುದರಿಂದಲೇ ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಈ ವಿಷಯಕ್ಕೆ ಸ್ಥಳ ಸಲ್ಲಬೇಕೆಂದು ನನ್ನ ಅಭಿಪ್ರಾಯ.

೧. ಶಕ್ತಿಯು ನಾಶವಾಗುವುದಿಲ್ಲ, ಕೈತಪ್ಪಿ ಹೋಗುವುದು

ಶಕ್ತಿಯನ್ನು ಹುಟ್ಟಿಸುವುದಾಗಲಿ ನಾಶಮಾಡುವುದಾಗಲಿ ಸಾಧ್ಯವಿಲ್ಲ, ಅದು ಒಂದು ರೂಪವನ್ನು ಬಿಟ್ಟು ಮತ್ತೊಂದು ರೂಪವನ್ನು ತಾಳುವುದು ಮಾತ್ರವೆಂದು ನೀವು ಪ್ರೌಢಶಾಲೆಯ ಭೌತಶಾಸ್ತ್ರದಲ್ಲಿ ಓದಿದ್ದೀರಿ. ಕೆಲಸವು ಎಷ್ಟು ಶಾಖವಾಗಿ ಮಾರ್ಪಡುವುದೆಂಬುದನ್ನು ಇಂಗ್ಲೆಂಡಿನ ಜೇಮ್ಸ್ ಜೂಲ್ ಎಂಬ ವಿದ್ವಾಂಸನು ೧೮೪೦ರ ದಶಕದಲ್ಲಿ ಅಳೆದು ತೋರಿಸಿದನು. ಹಾಗಾದರೆ ನಷ್ಟವೆಂಬ ಮಾತಿಗೆ ಅರ್ಥವೇನು? ನಮಗೆ ಬೇಕಾದ ಸ್ಥಳದಲ್ಲಿ, ಬೇಕಾದ ಹೊತ್ತಿನಲ್ಲಿ, ಬೇಕಾದ ರೂಪದಲ್ಲಿ ಒದಗದೆ ಹೋದ ಶಕ್ತಿಯೇ ನಷ್ಟವಾದ ಶಕ್ತಿ. ಅನ್ನವನ್ನು ಬೇಯಿಸಬೇಕಾದ ಶಾಖವು ಗೋಡೆಯನ್ನು ಕಾಯಿಸಿದರೆ ಅದು ನಷ್ಟ. ಬೆಳಕನ್ನು ಕೊಡಬೇಕಾದ ವಿದ್ಯುತ್ತು ಬಲ್ಬನ್ನು ಸುಡುವಷ್ಟು ಬಿಸಿಮಾಡಿದರೆ ಅದೂ ನಷ್ಟ.

ಈ ವಿಚಾರವನ್ನು ಅಡಿಗೆಮನೆಯೊಳಕ್ಕೆ ತಂದವರಲ್ಲಿ ರಂಫರ್ಡ್ ಎಂಬವನು ಮುಖ್ಯನು. ಅವನು ಬವೇರಿಯದ ಮ್ಯೂನಿಕ್ ನಗರದಲ್ಲಿ ೧೭೯೦ರ ದಶಕದಲ್ಲಿ ಬಡವರಿಗೆ ಅಡಿಗೆಮಾಡುವ ದೊಡ್ಡ ಪಾಕಶಾಲೆಯನ್ನು ನಡೆಸುತ್ತಿದ್ದನು. ಬಯಲು ಬೆಂಕಿಯ ಮೇಲೆ ಪಾತ್ರೆಗಳನ್ನಿಟ್ಟರೆ ಅಡಿಗೆಯು ಬೇಯುವುದಕ್ಕಿಂತ ಅಡಿಗೆಯವರೇ ಹೆಚ್ಚು ಬೇಯುವರೆಂಬುದನ್ನು ಅವನು ಗಮನಿಸಿದನು. ಆದುದರಿಂದ ಬೆಂಕಿಯನ್ನು ಇಟ್ಟಿಗೆಯಿಂದ ಸುತ್ತುಗಟ್ಟಿ, ಪಾತ್ರೆಗಳನ್ನು ಅದರೊಳಗೆ ಇಳಿಯಬಿಟ್ಟು, ಗಾಳಿ ಹೋಗಿಬರುವ ಬಾಯಿಯನ್ನು ಬೇಕಾದಂತೆ ತೆರೆಯುವ ಮುಚ್ಚುವ ಏರ್ಪಾಡು ಮಾಡಿದನು. ಇಂದಿಗೂ ಒಳ್ಳೆಯ ಒಲೆಯ ಲಕ್ಷಣಗಳು ಇವೇ ಆಗಿವೆ.

ಮುಂದೆ ಲೆಕ್ಕಕ್ಕೆ ಬೇಕಾಗುವ ಎರಡು ಅಳತೆಗಳನ್ನು ನೆನಪಿನಲ್ಲಿಡಿರಿ. ಒಂದು ಲೀಟರು ನೀರನ್ನು ಒಂದು ಡಿಗ್ರಿಯಷ್ಟು ಬಿಸಿಮಾಡಲು ಬೇಕಾದ ಶಾಖಕ್ಕೆ ಒಂದು ಕಿಲೊಕ್ಯಾಲೊರಿ ಎಂದು ಹೆಸರು. ವಿದ್ಯುತ್ತಿನ ಮೀಟರಿನ ಒಂದು ಯೂನಿಟ್ ಎಂದರೆ ೮೬೦ ಕಿಲೊಕ್ಯಾಲೊರಿ.

೨. ನಷ್ಟದ ಗುರುತುಗಳು

ರೋಗವನ್ನು ವೈದ್ಯನು ನಾಡಿ, ನಾಲಗೆ, ಕಣ್ಣು ನೋಡಿ ತಿಳಿಯುವಂತೆ, ಶಕ್ತಿಯ ನಷ್ಟವನ್ನು ಗೃಹಿಣಿಯು ಯಾವ ಯಂತ್ರದ ಸಹಾಯವೂ ಇಲ್ಲದೆ ಐದು ಗುರುತುಗಳಿಂದ ತಿಳಿಯಬಹುದು.

ಮೊದಲನೆಯದು ಹೊಗೆ ಮತ್ತು ಮಸಿ. ಹೊಗೆಯೆಂಬುದು ಉರಿಯದೆ ಉಳಿದ ಉರುವಲೇ ಹೊರತು ಬೇರೆಯಲ್ಲ. ಪಾತ್ರೆಯ ತಳದ ಮಸಿಯೂ ಅದೇ. ಎರಡನೆಯದು ಬೇಡದ ಕಡೆಯ ಬಿಸಿ: ಒಲೆಯ ಹೊರಮೈ, ಪಾತ್ರೆಯ ಹಿಡಿ, ಗೋಡೆ, ಚಾರ್ಜರಿನ ಡಬ್ಬಿ. ಮೂರನೆಯದು ಆವಿ. ನಾಲ್ಕನೆಯದು ಸದ್ದು: ಕುಕ್ಕರಿನ ಮೇಲಿಂದ ಮೇಲಿನ ಕೂಗು, ಬಿಡುವಿಲ್ಲದೆ ಗುಂಯ್‌ಗುಡುವ ಫ್ರಿಜ್ಜು, ತೊಟ್ಟಿ ತುಂಬಿ ಮಾಳಿಗೆಯಿಂದ ಸುರಿಯುವ ನೀರು. ಐದನೆಯದು ಮೀಟರು, ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆಯೂ ಅದು ಏನನ್ನು ಲೆಕ್ಕ ಹಾಕುತ್ತಿದೆಯೆಂದು ನೋಡಬೇಕು.

೩. ಸೌದೆಯ ಒಲೆ

ನಗರದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಸೌದೆಯ ಒಲೆಯನ್ನು ಮರೆತಿರಬಹುದು. ಆದರೆ ಹಳ್ಳಿಗಳಲ್ಲಿ ಗ್ಯಾಸಿನ ಸಿಲಿಂಡರು ಇದ್ದರೂ ಸೌದೆಯ ಒಲೆಯು ಅದರ ಪಕ್ಕದಲ್ಲಿಯೇ ಉಳಿದಿರುವ ಮನೆಗಳು ಅನೇಕವುಂಟು. ಬಚ್ಚಲ ನೀರಿಗಂತೂ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಸೌದೆಯೇ ಗತಿ. ಬೆಳಗಿನ ಪ್ರಾರ್ಥನೆಯ ಗಂಟೆ ಹೊಡೆದ ಮೇಲೆ ಕೆಂಪು ಕಣ್ಣಿನಿಂದ ಓಡಿಬರುವ ಹುಡುಗಿಯನ್ನು ಏಕೆ ತಡವಾಯಿತೆಂದು ಕೇಳಿದರೆ, “ಸೌದೆ ಹಸಿ ಇತ್ತು ಟೀಚರ್, ಒಲೆ ಹತ್ತಲಿಲ್ಲ” ಎಂಬ ಉತ್ತರವನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಆ ಉತ್ತರದಲ್ಲಿ ಸೋಮಾರಿತನವಿಲ್ಲ, ಭೌತಶಾಸ್ತ್ರವಿದೆ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಆಗತಾನೆ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರೇ ಇರಬಹುದು. ಅಂತಹ ಸೌದೆಯನ್ನು ಒಲೆಗಿಟ್ಟರೆ ಬೆಂಕಿಯು ಮೊದಲು ಆ ನೀರನ್ನೆಲ್ಲ ಕಾಯಿಸಿ ಆವಿಯಾಗಿ ಮಾಡಿ ಹೊರಗಟ್ಟಬೇಕು. ಬಳಿಕವೇ ಮರವು ಉರಿಯುವುದು. ಅಷ್ಟರಲ್ಲಿ ಬೆಂಕಿಯು ತಣ್ಣಗಾಗಿ, ಮರದಿಂದ ಹೊರಟ ಉರಿಯತಕ್ಕ ಅನಿಲಗಳು ಉರಿಯದೆಯೇ ಹೊಗೆಯಾಗಿ ಹೋಗುವುವು. ಹೀಗೆ ಹಸಿ ಸೌದೆಯಲ್ಲಿ ಎರಡು ಬಗೆಯ ನಷ್ಟವುಂಟು. ಒಣಗಿದ ಸೌದೆಯು ಕಿಲೊ ಒಂದಕ್ಕೆ ೩,೫೦೦ರಿಂದ ೪,೦೦೦ ಕಿಲೊಕ್ಯಾಲೊರಿ ಶಾಖವನ್ನು ಕೊಡಬಲ್ಲುದು. ಆದರೆ ಮೂರು ಕಲ್ಲಿನ ಬಯಲು ಒಲೆಯಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮಾತ್ರವೇ ಪಾತ್ರೆಯೊಳಗಿನ ಪದಾರ್ಥಕ್ಕೆ ಸೇರುವುದು. ಹತ್ತು ಹೊರೆ ಸೌದೆ ಹೊತ್ತ ಹೆಂಗಸು ಒಂದೂವರೆ ಹೊರೆಯನ್ನು ಅಡಿಗೆಗಾಗಿಯೂ ಎಂಟೂವರೆ ಹೊರೆಯನ್ನು ಗಾಳಿಗಾಗಿಯೂ ಹೊತ್ತಳೆಂದು ತಿಳಿಯಿರಿ.

ಆ ಗಾಳಿಯಾದರೂ ಸುಮ್ಮನೆ ಹೋಗುವುದಿಲ್ಲ. ಅಡಿಗೆಮನೆಯ ಹೊಗೆಯಲ್ಲಿರುವ ಸೂಕ್ಷ್ಮ ಕಣಗಳೂ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವೂ ಶ್ವಾಸಕೋಶಕ್ಕೆ ಸೇರುವುವು. ಮನೆಯೊಳಗಿನ ಹೊಗೆಯ ಕಾರಣದಿಂದ ೨೦೨೦ರಲ್ಲಿ ಲೋಕದಲ್ಲಿ ಸುಮಾರು ೩೨ ಲಕ್ಷ ಜನರು ಅಕಾಲ ಮರಣಕ್ಕೀಡಾದರೆಂದೂ, ಅವರಲ್ಲಿ ೨,೩೭,೦೦೦ಕ್ಕೂ ಹೆಚ್ಚು ಮಂದಿ ಐದು ವರ್ಷ ತುಂಬದ ಮಕ್ಕಳೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಕೂಸನ್ನು ಬೆನ್ನಿಗೋ ಮಡಿಲಿಗೋ ಹಾಕಿಕೊಂಡು ಒಲೆಯೂದುವ ತಾಯಂದಿರು ಈ ಮಾತನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು.

ಇದಕ್ಕೆ ಪರಿಹಾರವನ್ನು ನಮ್ಮ ನಾಡಿನಲ್ಲಿಯೇ ಹುಡುಕಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ೧೯೭೪ರಲ್ಲಿ ‘ಅಸ್ತ್ರ’ ಎಂಬ ವಿಭಾಗವು ಆರಂಭವಾಯಿತು. ವಿಜ್ಞಾನವನ್ನು ಹಳ್ಳಿಯ ಬಾಳಿಗೆ ಒದಗಿಸುವುದು ಅದರ ಉದ್ದೇಶ. ತುಮಕೂರು ಜಿಲ್ಲೆಯ ಉಂಗ್ರದ ಸುತ್ತಿನ ಹಳ್ಳಿಗಳಲ್ಲಿ ಅವರು ಶಕ್ತಿಯ ಲೆಕ್ಕ ತೆಗೆದಾಗ, ಹಳ್ಳಿಯವರು ಬಳಸುವ ಶಕ್ತಿಯ ಬಹುಪಾಲು ಅಡಿಗೆಗೂ ಸ್ನಾನದ ನೀರಿಗೂ ಉರಿಸುವ ಸೌದೆಯೇ ಎಂಬುದು ಗೊತ್ತಾಯಿತು. ಅಲ್ಲಿಂದ ಹುಟ್ಟಿದುದು ಅಸ್ತ್ರ ಒಲೆ. ಮಣ್ಣಿನಿಂದ ಮುಚ್ಚುಗಟ್ಟಿದ ಒಲೆ, ಕೆಳಗಡೆ ಗಾಳಿ ಬರುವಂತೆ ಕಬ್ಬಿಣದ ಜಾಲರಿ, ಒಂದೇ ಉರಿಯು ಒಂದರ ಬಳಿಕ ಒಂದಾಗಿ ಮೂರು ಪಾತ್ರೆಗಳ ತಳವನ್ನು ಸವರಿಕೊಂಡು ಹೋಗುವ ದಾರಿ, ಕೊನೆಗೆ ಹೊಗೆಯನ್ನು ಮಾಡಿನಿಂದಾಚೆಗೆ ಒಯ್ಯುವ ಕೊಳವೆ. ಇದರಲ್ಲಿ ನೂರಕ್ಕೆ ಮೂವತ್ತು ಪಾಲಿಗೂ ಮೇಲ್ಪಟ್ಟು ಶಾಖವು ಪಾತ್ರೆಗೆ ಸೇರಬಲ್ಲುದೆಂದು ಪರೀಕ್ಷೆಗಳಲ್ಲಿ ಕಂಡುಬಂದಿತು. ಆದರೆ ಕೊಳವೆಯನ್ನು ಆಗಾಗ್ಗೆ ಗುಡಿಸದೆ, ಪಾತ್ರೆಯು ತೂತಿಗೆ ಸರಿಯಾಗಿ ಕೂರದೆ ಹೋದರೆ ಹೊಸ ಒಲೆಯೂ ಹಳೆಯ ಒಲೆಯೇ ಆಗುವುದು.

ಹೊಸ ಒಲೆ ಕಟ್ಟಿಸಲಾರದವರೂ ಮಾಡಬಹುದಾದುದು ಇಷ್ಟಿದೆ: ಮಳೆಗಾಲಕ್ಕೆ ಬೇಕಾದ ಸೌದೆಯನ್ನು ಬೇಸಗೆಯಲ್ಲಿಯೇ ಸೀಳಿ ಒಣಗಿಸಿ ಮಾಡಿನ ಕೆಳಗೆ ಒಟ್ಟಬೇಕು. ದಪ್ಪ ಕೊರಡಿಗಿಂತ ಸಣ್ಣ ಸೀಳುಗಳನ್ನು ಸ್ವಲ್ಪ ಸ್ವಲ್ಪವಾಗಿ ಒಡ್ಡಬೇಕು. ಪಾತ್ರೆಗೂ ಒಲೆಯ ಬಾಯಿಗೂ ನಡುವಣ ಸಂದನ್ನು ಮಣ್ಣಿನಿಂದ ತಗ್ಗಿಸಬೇಕು. ಬೂದಿಯನ್ನು ತೆಗೆದು ಗಾಳಿಯಾಡುವಂತೆ ಮಾಡಬೇಕು. ಅಡಿಗೆ ಮುಗಿದೊಡನೆ ಕೊಳ್ಳಿಯನ್ನು ಹೊರಗೆಳೆದು ಆರಿಸಿ ಮರುದಿನಕ್ಕೆ ಇಡಬೇಕು.

೪. ಪಾತ್ರೆ, ಮುಚ್ಚಳ, ನೀರು

ಗ್ಯಾಸಿನ ಒಲೆಯು ಇದಕ್ಕಿಂತ ಬಹಳ ಮೇಲು. ಭಾರತದ ಮಾನಕದ ಪ್ರಕಾರ ಮನೆಯ ಗ್ಯಾಸಿನ ಒಲೆಯು ನೂರಕ್ಕೆ ೬೮ ಪಾಲಿಗೆ ಕಡಿಮೆಯಿಲ್ಲದೆ ಶಾಖವನ್ನು ಪಾತ್ರೆಗೆ ಮುಟ್ಟಿಸತಕ್ಕದ್ದು. ವಿದ್ಯುತ್ತಿನ ಇಂಡಕ್ಷನ್ ಒಲೆಯಲ್ಲಿ ಪಾತ್ರೆಯ ತಳವೇ ಬಿಸಿಯಾಗುವುದರಿಂದ ಇನ್ನೂ ಹೆಚ್ಚು ಪಾಲು ಉಪಯೋಗಕ್ಕೆ ಬರುವುದು. ಆದರೂ ಒಲೆಯು ಕೊಟ್ಟುದನ್ನು ಪಾತ್ರೆಯು ಉಳಿಸಿಕೊಳ್ಳದಿದ್ದರೆ ಫಲವೇನು? ನಷ್ಟದ ಎರಡನೆಯ ಬಾಗಿಲು ಇಲ್ಲಿದೆ.

ಸರಳವಾದ ಒಂದು ಲೆಕ್ಕವನ್ನು ನೋಡಿರಿ. ೨೫ ಡಿಗ್ರಿಯ ಒಂದು ಲೀಟರು ನೀರನ್ನು ೧೦೦ ಡಿಗ್ರಿಗೆ ತರಲು ೭೫ ಕಿಲೊಕ್ಯಾಲೊರಿ ಸಾಕು. ಅದೇ ಒಂದು ಲೀಟರು ಕುದಿನೀರು ಪೂರ್ತಿ ಆವಿಯಾಗಿ ಹೋಗಬೇಕಾದರೆ ಸುಮಾರು ೫೪೦ ಕಿಲೊಕ್ಯಾಲೊರಿ ಬೇಕು. ಅಂದರೆ ಏಳು ಪಾಲು ಹೆಚ್ಚು. ಆದಕಾರಣ ತೆರೆದ ಪಾತ್ರೆಯಿಂದ ಏಳುವ ಬಿಳಿಯ ಆವಿಯು ಅಡಿಗೆಮನೆಯ ಅತ್ಯಂತ ದುಬಾರಿಯಾದ ಪದಾರ್ಥವೆಂದು ಹೇಳಿದರೆ ತಪ್ಪಾಗದು. ಅದನ್ನು ತಡೆಯುವ ಉಪಕರಣವೋ ಅತ್ಯಂತ ಅಗ್ಗವಾದುದು: ಒಂದು ಮುಚ್ಚಳ.

ಎರಡನೆಯ ಮಾತು. ನೀರು ಕುದಿಯಲಾರಂಭಿಸಿದ ಮೇಲೆ ಉರಿಯನ್ನು ಎಷ್ಟು ಹೆಚ್ಚಿಸಿದರೂ ಅದರ ಬಿಸಿಯು ಹೆಚ್ಚುವುದಿಲ್ಲ. ಆವಿ ಮಾತ್ರ ಹೆಚ್ಚುವುದು. ತಳತಳ ಕುದಿಯುವ ಸಾರಿಗೂ ಮೆಲ್ಲಗೆ ಕುದಿಯುವ ಸಾರಿಗೂ ಶಾಖದಲ್ಲಿ ಭೇದವಿಲ್ಲ, ಖರ್ಚಿನಲ್ಲಿ ಭೇದವುಂಟು. ಆದುದರಿಂದ ಕುದಿ ಬಂದೊಡನೆ ಉರಿಯನ್ನು ತಗ್ಗಿಸಬೇಕು. ಕುಕ್ಕರಿನ ನಿಯಮವೂ ಇದೇ. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಸುಮಾರು ೯೭ ಡಿಗ್ರಿಗೇ ಕುದಿಯುವುದು, ಮಂಗಳೂರಿನಲ್ಲಿ ೧೦೦ಕ್ಕೆ. ಕುಕ್ಕರಿನೊಳಗೆ ಒತ್ತಡದಿಂದ ಅದು ಸುಮಾರು ೧೨೦ ಡಿಗ್ರಿಗೆ ಏರುವುದರಿಂದ ಬೇಳೆ ಬೇಗ ಬೇಯುವುದು. ಮೊದಲನೆಯ ಕೂಗು ಬಂದಿತೆಂದರೆ ಒತ್ತಡವು ತುಂಬಿತೆಂದು ಅರ್ಥ. ಅಲ್ಲಿಂದ ಮುಂದಿನ ಪ್ರತಿಯೊಂದು ಕೂಗೂ ಹೊರಗೆ ಹೋದ ಶಾಖದ ಕೂಗು. ಮೊದಲ ಕೂಗಿನ ಮೇಲೆ ಉರಿಯನ್ನು ಸಣ್ಣಗೆ ಮಾಡಿ, ಗಡಿಯಾರ ನೋಡಿ ಬೇಯಿಸುವುದು ಲೇಸು.

ಬೇಳೆಕಾಳುಗಳನ್ನು ಮುಂಚಿತವಾಗಿ ನೆನೆಹಾಕಬೇಕು. ಬೇಕಾದಷ್ಟೇ ನೀರನ್ನು ಅಳೆದು ಹಾಕಬೇಕು. ಉರಿಯು ಪಾತ್ರೆಯ ತಳವನ್ನು ಮೀರಿ ಪಕ್ಕಗಳನ್ನು ನೆಕ್ಕುತ್ತಿದ್ದರೆ ಪಾತ್ರೆಯನ್ನು ದೊಡ್ಡದಿಡಬೇಕು, ಇಲ್ಲವೆ ಉರಿಯನ್ನು ಚಿಕ್ಕದು ಮಾಡಬೇಕು. ಗ್ಯಾಸಿನ ಉರಿಯು ನೀಲಿಯಾಗಿರಬೇಕು. ಹಳದಿಯಾಗಿ ಉರಿದು ಪಾತ್ರೆಗೆ ಮಸಿ ಹಿಡಿದರೆ ಬರ್ನರಿನ ತೂತುಗಳನ್ನು ಶುಚಿಮಾಡಿಸಬೇಕು.

ಶಾಖವನ್ನು ಕೂಡಿಟ್ಟು ಅಡಿಗೆಮಾಡುವ ಇನ್ನೊಂದು ವಿಧಾನವುಂಟು. ಬಂಗಾಳದ ಇಂದುಮಾಧವ ಮಲ್ಲಿಕರು ೧೯೧೦ರಲ್ಲಿ ರಚಿಸಿದ ಇಕ್ಮಿಕ್ ಕುಕ್ಕರಿನಲ್ಲಿ ಕೆಳಗೆ ಸ್ವಲ್ಪ ಇದ್ದಲು, ಮೇಲೆ ಒಂದರ ಮೇಲೊಂದು ಡಬ್ಬಿಗಳು; ಒಂದೇ ಕೆಂಡದ ಆವಿಯಲ್ಲಿ ಅನ್ನ, ಬೇಳೆ, ಪಲ್ಯಗಳೆಲ್ಲ ಬೇಯುತ್ತಿದ್ದುವು. ಯೂರೋಪಿನಲ್ಲಿ ಒಣಹುಲ್ಲಿನ ಪೆಟ್ಟಿಗೆಯು ಪ್ರಸಿದ್ಧವಾಯಿತು; ೧೯೧೪ರಿಂದ ೧೯೧೮ರ ಯುದ್ಧಕಾಲದಲ್ಲಿ ಉರುವಲು ಸಾಲದೆ ಅಲ್ಲಿಯ ಗೃಹಿಣಿಯರು ಅದನ್ನು ಬಳಸಿದರು. ನಮ್ಮಲ್ಲಿ ಭತ್ತದ ಹುಲ್ಲಿಗೆ ಕೊರತೆಯಿಲ್ಲ. ಬುಟ್ಟಿಯಲ್ಲಿ ಹುಲ್ಲನ್ನು ಒತ್ತಿ ತುಂಬಿ ನಡುವೆ ಗೂಡು ಮಾಡಿ, ಐದಾರು ನಿಮಿಷ ಚೆನ್ನಾಗಿ ಕುದಿದ ಅನ್ನದ ಪಾತ್ರೆಯನ್ನು ಮುಚ್ಚಳ ತೆಗೆಯದೆ ಅದರಲ್ಲಿಟ್ಟು, ಮೇಲೆ ದಪ್ಪ ಕಂಬಳಿಯನ್ನು ಹೊದಿಸಿದರೆ ಒಂದು ಗಂಟೆಯಲ್ಲಿ ಅನ್ನವು ತನ್ನ ಶಾಖದಿಂದಲೇ ಬೇಯುವುದು. ಆ ಅನ್ನವನ್ನು ಬಿಸಿಯಿರುವಾಗಲೇ ಉಣ್ಣಬೇಕು.

೫. ಬಚ್ಚಲ ಮನೆ

ಬಚ್ಚಲ ಮನೆಯ ಖರ್ಚನ್ನು ನಾವು ಕಡಿಮೆಯಾಗಿ ಎಣಿಸುತ್ತೇವೆ. ಹದಿನೈದು ಲೀಟರಿನ ಒಂದು ಬಕೆಟ್ಟು ನೀರನ್ನು ೨೫ ಡಿಗ್ರಿಯಿಂದ ೪೫ ಡಿಗ್ರಿಗೆ ಕಾಯಿಸಲು ೩೦೦ ಕಿಲೊಕ್ಯಾಲೊರಿ ಬೇಕು. ಇದು ಒಂದು ಯೂನಿಟ್ಟಿನ ಮೂರರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಐದು ಮಂದಿಯ ಮನೆಯಲ್ಲಿ ತಲೆಗೊಂದು ಬಕೆಟ್ಟಿನಂತೆ ದಿನಕ್ಕೆ ಒಂದೂಮುಕ್ಕಾಲು ಯೂನಿಟ್ಟಾಯಿತು. ಇದು ಬೇಕಾದ ಖರ್ಚು. ಬೇಡದ ಖರ್ಚು ಯಾವುದೆಂದರೆ, ಗೀಸರನ್ನು ದಿನವಿಡೀ ಹಾಕಿಯೇ ಬಿಡುವುದು. ಒಂದು ತೊಟ್ಟೂ ನೀರನ್ನು ತೆಗೆಯದಿದ್ದರೂ ಇಪ್ಪತ್ತೈದು ಲೀಟರಿನ ಗೀಸರು ತನ್ನ ಮೈಯಿಂದ ಶಾಖವನ್ನು ಬಿಡುತ್ತ, ಮತ್ತೆ ಮತ್ತೆ ಕಾಯುತ್ತ, ಇಪ್ಪತ್ತನಾಲ್ಕು ಗಂಟೆಗಳಲ್ಲಿ ಅರ್ಧದಿಂದ ಒಂದು ಯೂನಿಟ್ಟಿನವರೆಗೆ ತಿನ್ನಬಹುದು. ಸ್ನಾನಕ್ಕೆ ಸ್ವಲ್ಪ ಮುಂಚೆ ಹಾಕಿ, ಮನೆಮಂದಿ ಒಬ್ಬರ ಹಿಂದೊಬ್ಬರು ಮಿಂದು, ಕೂಡಲೆ ಆರಿಸುವುದು ಸರಿಯಾದ ಕ್ರಮ. ಕೈಸುಡುವಷ್ಟು ಕಾಯಿಸಿ ತಣ್ಣೀರು ಬೆರಸುವುದಕ್ಕಿಂತ, ಬೇಕಾದ ಹದಕ್ಕೆ ಕಾಯಿಸುವುದು ಒಳ್ಳೆಯದು.

ಹಂಡೆಯ ನೀರಿಗೂ ಇದೇ ನ್ಯಾಯ. ಹಂಡೆಗೆ ಮುಚ್ಚಳವಿರಲಿ, ಒಲೆಯ ಸುತ್ತು ಒಡೆದಿದ್ದರೆ ಮಣ್ಣು ಮೆತ್ತಿಸಿರಿ. ಮಾಳಿಗೆಯ ಮೇಲೆ ಬಿಸಿಲಿನಿಂದ ನೀರು ಕಾಯಿಸುವ ಉಪಕರಣವನ್ನು ಇಡಬಲ್ಲವರು ಅದನ್ನು ಇಡುವುದು ಎಲ್ಲಕ್ಕಿಂತಲೂ ಉತ್ತಮ. ಕಾಯಿಸುವ ಕೆಲಸಕ್ಕೆ ವಿದ್ಯುತ್ತನ್ನು ಬಳಸುವುದು ಏಕೆ ಕೊನೆಯ ಉಪಾಯವಾಗಬೇಕೆಂಬುದಕ್ಕೆ ಕಾರಣವುಂಟು. ೧೯೮೫ರಲ್ಲಿ ಕೆಲಸಕ್ಕೆ ತೊಡಗಿದ ರಾಯಚೂರಿನ ಶಾಖೋತ್ಪನ್ನ ಕೇಂದ್ರದಂತಹ ಸ್ಥಳಗಳಲ್ಲಿ ಕಲ್ಲಿದ್ದಲಿನ ಶಾಖದ ಸುಮಾರು ಮೂರರಲ್ಲೊಂದು ಪಾಲು ಮಾತ್ರ ವಿದ್ಯುತ್ತಾಗುವುದು. ಮೂರು ಪಾಲು ಶಾಖವನ್ನು ಸುಟ್ಟು ಒಂದು ಪಾಲು ವಿದ್ಯುತ್ತು ಮಾಡಿ, ಅದನ್ನು ನೂರಾರು ಮೈಲಿ ತಂತಿಯಲ್ಲಿ ತಂದು, ಪುನಃ ಶಾಖವನ್ನಾಗಿಯೇ ಮಾಡುವುದು ವಿವೇಕವಲ್ಲ.

ನೀರೆಂದರೆ ಅದರ ಹಿಂದೆ ಪಂಪಿದೆ ಎಂಬುದನ್ನೂ ಮರೆಯಬಾರದು. ಕೋಲಾರದ ಸೀಮೆಯಲ್ಲಿ ಸಾವಿರ ಅಡಿ ಆಳದಿಂದ ನೀರೆತ್ತುವ ಕೊಳವೆಬಾವಿಗಳಿವೆ. ಅಷ್ಟು ಆಳದಿಂದ ಸಾವಿರ ಲೀಟರು ನೀರನ್ನು ಮೇಲೆತ್ತಲು, ಪಂಪಿನೊಳಗಿನ ನಷ್ಟವೂ ಸೇರಿ, ಸುಮಾರು ಒಂದೂವರೆ ಯೂನಿಟ್ಟೋ ಅದಕ್ಕೂ ಹೆಚ್ಚೋ ಬೇಕು. ಮಾಳಿಗೆಯ ತೊಟ್ಟಿಯು ತುಂಬಿ ಹರಿಯುವಾಗ ನೀರಿನೊಡನೆ ವಿದ್ಯುತ್ತೂ ಚರಂಡಿಗೆ ಹರಿಯುವುದು.

೬. ದೀಪ, ಫ್ಯಾನು, ಮತ್ತು ಮಲಗದ ಯಂತ್ರಗಳು

೧೯೦೨ರಲ್ಲಿ ಶಿವನಸಮುದ್ರದ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ೧೯೦೫ರಲ್ಲಿ ಅದು ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಅಂದಿನಿಂದ ನೂರು ವರ್ಷಗಳಿಗೂ ಹೆಚ್ಚು ಕಾಲ ನಾವು ಬೆಳಕಿಗೆಂದು ಬಳಸಿದ ತಂತಿಯ ಬಲ್ಬಿನಲ್ಲಿ, ವಿದ್ಯುತ್ತಿನ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು ಶಾಖವಾಗಿಯೇ ಹೋಗುತ್ತಿತ್ತು. ಆರುವತ್ತು ವಾಟಿನ ಅಂತಹ ಬಲ್ಬಿನಷ್ಟೇ ಬೆಳಕನ್ನು ಒಂಬತ್ತು ವಾಟಿನ ಎಲ್‌ಇಡಿ ಬಲ್ಬು ಕೊಡುವುದು. ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ ಮೊದಲನೆಯದು ೯ ಯೂನಿಟ್ಟು, ಎರಡನೆಯದು ಒಂದೂಕಾಲು ಒಂದೂವರೆ ಯೂನಿಟ್ಟು. ೨೦೧೫ರಲ್ಲಿ ಆರಂಭವಾದ ಉಜಾಲ ಯೋಜನೆಯಿಂದ ಇಂತಹ ಬಲ್ಬುಗಳು ಅಗ್ಗವಾಗಿ ಮನೆಮನೆಗೆ ಬಂದುವು.

ಹಳೆಯ ಫ್ಯಾನು ೭೫ ವಾಟಿನಷ್ಟು ತೆಗೆದುಕೊಂಡರೆ, ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟಾರಿನ ಫ್ಯಾನು ಸುಮಾರು ೩೦ ವಾಟಿನಲ್ಲಿ ಅಷ್ಟೇ ಗಾಳಿ ಕೊಡುವುದು. ಹಳೆಯ ದಪ್ಪ ಡಬ್ಬಿಯ ರೆಗ್ಯುಲೇಟರನ್ನು ಮುಟ್ಟಿ ನೋಡಿರಿ. ಬೆಚ್ಚಗಿದ್ದರೆ, ಫ್ಯಾನು ಮೆಲ್ಲಗೆ ತಿರುಗಿದರೂ ಉಳಿತಾಯವು ಅಷ್ಟಕ್ಕಷ್ಟೆ ಎಂದು ತಿಳಿಯಿರಿ. ಫ್ಯಾನು ಮನುಷ್ಯರನ್ನು ತಂಪು ಮಾಡುವುದೇ ಹೊರತು ಕೋಣೆಯನ್ನಲ್ಲ. ಬರಿದಾದ ಕೋಣೆಯಲ್ಲಿ ಅದು ತಿರುಗುವುದರಿಂದ ಯಾರಿಗೂ ಲಾಭವಿಲ್ಲ. ಕೋಣೆಯ ಸೆಕೆಗೆ ಮೂಲವು ಬಹಳವಾಗಿ ಮಾಳಿಗೆಯಲ್ಲಿರುವುದು. ೧೮೬೫ರಲ್ಲಿ ಬಾಸೆಲ್ ಮಿಷನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಹರಡಿದ ಹಂಚಿನ ಮಾಡುಗಳಲ್ಲಿ ಬಿಸಿಗಾಳಿಯು ಹಂಚುಗಳ ಸಂದಿನಿಂದ ಹೊರಗೆ ಹೋಗುವುದು. ಕಾಂಕ್ರೀಟಿನ ಮಾಳಿಗೆಯು ಹಗಲಿನ ಬಿಸಿಲನ್ನು ಹೀರಿಕೊಂಡು ರಾತ್ರಿ ನಮ್ಮ ಮೇಲೆ ಸುರಿಸುವುದು. ಬೇಸಗೆಗೆ ಮುಂಚೆ ಮಾಳಿಗೆಗೆ ಬಿಳಿಯ ಸುಣ್ಣ ಬಳಿಸಿದರೆ ಬಿಸಿಲಿನ ಬಹುಭಾಗವು ಹಿಂದಕ್ಕೆ ಹೋಗುವುದು.

ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದದ ಚೂರನ್ನು ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಬಾಗಿಲಿನ ರಬ್ಬರು ಸಡಿಲವಾಗಿದೆ, ತಂಪು ಸೋರುತ್ತಿದೆ. ಅದನ್ನು ಗೋಡೆಗೆ ಒತ್ತಿ ನಿಲ್ಲಿಸಬಾರದು. ಬಿಸಿ ಪದಾರ್ಥವನ್ನು ಆರಿಸದೆ ಒಳಗಿಡಬಾರದು. ಹೊಸದನ್ನು ಕೊಳ್ಳುವವರು ೨೦೦೨ರಲ್ಲಿ ಸ್ಥಾಪಿತವಾದ ಇಂಧನ ದಕ್ಷತಾ ಬ್ಯೂರೊದ ನಕ್ಷತ್ರಗಳ ಚೀಟಿಯನ್ನು ಓದಲಿ. ನಕ್ಷತ್ರಗಳು ಹೆಚ್ಚಿದಷ್ಟೂ ನಷ್ಟ ಕಡಿಮೆ.

ಇನ್ನು ಮಲಗದ ಯಂತ್ರಗಳು. ಟೆಲಿವಿಷನ್ನು, ಅದರ ಸೆಟ್‌ಟಾಪ್ ಪೆಟ್ಟಿಗೆ, ಚಾರ್ಜರುಗಳು ಇವೆಲ್ಲ ಆರಿದಂತೆ ಕಂಡರೂ ಒಳಗೆ ಎಚ್ಚರವಾಗಿಯೇ ಇರುವುವು. ಇದನ್ನು ಹಿಡಿಯಲು ಮೀಟರೇ ಸಾಧನ. ರಾತ್ರಿ ದೀಪ, ಫ್ಯಾನು, ಫ್ರಿಜ್ಜುಗಳನ್ನು ಹತ್ತು ನಿಮಿಷ ಆರಿಸಿ, ಉಳಿದುವನ್ನು ಇದ್ದಂತೆಯೇ ಬಿಟ್ಟು, ಮೀಟರಿನ ಕೆಂಪು ಚುಕ್ಕೆ ದೀಪವನ್ನು ನೋಡಿರಿ. ಮೀಟರಿನ ಮುಖದ ಮೇಲೆ ೩೨೦೦ ಎಂದು ಬರೆದಿದ್ದರೆ ಅದು ೩೨೦೦ ಸಲ ಮಿನುಗಿದಾಗ ಒಂದು ಯೂನಿಟ್ಟು. ನಿಮಿಷಕ್ಕೆ ಒಂದು ಸಲ ಮಿನುಗಿದರೂ ದಿನಕ್ಕೆ ಸುಮಾರು ಅರ್ಧ ಯೂನಿಟ್ಟು, ತಿಂಗಳಿಗೆ ಹದಿಮೂರು ಯೂನಿಟ್ಟಿಗಿಂತ ಹೆಚ್ಚು ವ್ಯರ್ಥವಾಗುತ್ತಿದೆ. ಎಲ್ಲ ಪ್ಲಗ್ಗುಗಳನ್ನೂ ಕಳಚಿದ ಮೇಲೆಯೂ ಮಿನುಗಿದರೆ ತಂತಿಯಲ್ಲಿ ದೋಷವಿರಬಹುದು, ಅದು ಅಪಾಯಕರ, ಬಲ್ಲ ಎಲೆಕ್ಟ್ರಿಷಿಯನ್ನಿನಿಂದ ಪರೀಕ್ಷೆ ಮಾಡಿಸಬೇಕು.

೨೦೨೩ರಲ್ಲಿ ಗೃಹಜ್ಯೋತಿ ಯೋಜನೆಯು ಆರಂಭವಾದ ಬಳಿಕ ನಮ್ಮ ರಾಜ್ಯದ ಅನೇಕ ಮನೆಗಳಿಗೆ ವಿದ್ಯುತ್ತಿನ ಹಣದ ಹೊರೆ ಇಳಿಯಿತು. ಬಡ ಗೃಹಿಣಿಗೆ ಅದು ದೊಡ್ಡ ಸಹಾಯವೇ ಸರಿ. ಆದರೆ ಹಣ ಕೊಡಬೇಕಾಗಿಲ್ಲದ ವಸ್ತುವಿಗೆ ಬೆಲೆಯೇ ಇಲ್ಲವೆಂದು ಮಕ್ಕಳು ಕಲಿಯಬಾರದು.

೭. ಒಂದು ಎಚ್ಚರಿಕೆ

ಶಾಖ ಸೋರಬಾರದೆಂದು ಅಡಿಗೆಮನೆಯ ಕಿಟಕಿಯನ್ನು ಮುಚ್ಚುವುದು, ಚಳಿಗೆ ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಅಗ್ಗಿಷ್ಟಿಕೆಯನ್ನಿಟ್ಟು ಮಲಗುವುದು, ಕಿಟಕಿಯಿಲ್ಲದ ಬಚ್ಚಲಿನಲ್ಲಿ ಗ್ಯಾಸಿನ ಗೀಸರು ಉರಿಸುವುದು ಇವು ಉಳಿತಾಯವಲ್ಲ, ಪ್ರಾಣಕ್ಕೆ ಬರುವ ಕುತ್ತು. ಆಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಮಲಗಿದಂತೆಯೇ ಪ್ರಾಣ ಬಿಡುವರು. ಉರಿ ಇರುವಲ್ಲಿ ಗಾಳಿ ಇರಬೇಕು. ಪಾತ್ರೆಗೆ ಮುಚ್ಚಳ ಹಾಕಿರಿ, ಕೋಣೆಗಲ್ಲ.

೮. ಒಂದು ವಾರದ ಅಭ್ಯಾಸ

ಓದಿದುದು ಕೈಗೆ ಬಾರದಿದ್ದರೆ ಪಾಠವೆನಿಸದು. ಆದುದರಿಂದ ಈ ಕೆಳಗಿನದನ್ನು ತಾಯಂದಿರು ಮಕ್ಕಳೊಡನೆ ಕೂಡಿ ಮಾಡಲಿ, ಗಂಡುಮಕ್ಕಳನ್ನು ಬಿಡಬಾರದು.

ಸೋಮವಾರ: ಒಂದೇ ಪಾತ್ರೆ, ಒಂದೇ ಅಳತೆಯ ನೀರು, ಒಂದೇ ಉರಿ, ಒಮ್ಮೆ ಮುಚ್ಚಳವಿಲ್ಲದೆ, ಪಾತ್ರೆ ಆರಿದ ಮೇಲೆ ಇನ್ನೊಮ್ಮೆ ಮುಚ್ಚಳ ಹಾಕಿ, ಕುದಿ ಬರಲು ಹಿಡಿದ ನಿಮಿಷಗಳನ್ನು ಬರೆಯಿರಿ.
ಮಂಗಳವಾ‌ರ: ಪಾತ್ರೆಗಳ ತಳದ ಮಸಿಯನ್ನೂ ಉರಿಯ ಬಣ್ಣವನ್ನೂ ನೋಡಿರಿ.
ಬುಧವಾರ: ರಾತ್ರಿ ಮೀಟರಿನ ಪರೀಕ್ಷೆ.
ಗುರುವಾರ: ಫ್ರಿಜ್ಜಿನ ಬಾಗಿಲಿನ ಕಾಗದದ ಪರೀಕ್ಷೆ.
ಶುಕ್ರವಾರ: ಗೀಸರು ಅಥವಾ ಹಂಡೆಯ ಒಲೆ ಎಷ್ಟು ಹೊತ್ತು ಉರಿಯಿತೆಂದು ಗಡಿಯಾರ ಹಿಡಿದು ಬರೆಯಿರಿ.
ಶನಿವಾರ: ವಾರದ ಲೆಕ್ಕವನ್ನು ಓದಿ, ಎಲ್ಲಕ್ಕಿಂತ ದೊಡ್ಡದಾದ ಒಂದು ನಷ್ಟವನ್ನು ಆರಿಸಿ, ಮೊದಲು ಅದನ್ನು ಮಾತ್ರ ಸರಿಪಡಿಸಿರಿ.

ಎಲ್ಲವನ್ನೂ ಒಂದೇ ದಿನ ತಿದ್ದಹೊರಟವರು ಮರುವಾರ ಎಲ್ಲವನ್ನೂ ಬಿಡುವರು. ಒಂದನ್ನು ತಿದ್ದಿದವರು ಇನ್ನೊಂದಕ್ಕೆ ಕೈಹಾಕುವರು.

ನಮ್ಮ ಶಾಲೆಯಿಂದ ಹೊರಟ ಹೆಣ್ಣುಮಕ್ಕಳಲ್ಲಿ ದಾದಿಯರಿದ್ದಾರೆ, ಉಪಾಧ್ಯಾಯಿನಿಯರಿದ್ದಾರೆ, ಇಂಜಿನಿಯರುಗಳೂ ಇದ್ದಾರೆ. ಮನೆಯನ್ನೇ ತಮ್ಮ ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡವರೂ ಬಹುಮಂದಿ ಇದ್ದಾರೆ. ಎಲ್ಲರ ಮನೆಯಲ್ಲಿಯೂ ಒಂದು ಒಲೆಯುಂಟು. ಒಲೆಯಿಂದ ಉಳಿಸಿದ ಒಂದು ಗಂಟೆಯು ಮಗಳ ಪುಸ್ತಕಕ್ಕೆ ಸಿಕ್ಕಲಿ, ಉಳಿಸಿದ ಉಸಿರು ತಾಯಿಯ ಎದೆಯಲ್ಲಿ ಉಳಿಯಲಿ. ಈ ವರ್ಷ ಶಾಲೆಗೆ ಬರುವ ಪೋಷಕರಲ್ಲಿ ನನ್ನ ವಿನಂತಿಯೊಂದೇ: ಮಗಳು ತಂದ ಅಂಕಗಳ ಪಟ್ಟಿಯನ್ನು ನೋಡುವ ಮೊದಲು, ಅವಳು ಬೆಳಗ್ಗೆ ಎಷ್ಟು ಹೊತ್ತು ಒಲೆಯ ಮುಂದೆ ಕುಳಿತಳೆಂಬುದನ್ನು ಒಮ್ಮೆ ಲೆಕ್ಕಹಾಕಿ ನೋಡಿರಿ.